ಮುದ್ರಣಚಿತ್ರದಲ್ಲಿ ಕಂಡದ್ದಷ್ಟೇ ಹೆಂಗಸರ ದುಡಿಮೆಯಲ್ಲ

ಪ್ರಶ್ನೆ: ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪಿನ ಮುದ್ರಣಚಿತ್ರಗಳಲ್ಲಿ, ಅಂದರೆ ಮರದಲ್ಲೋ ತಾಮ್ರದ ತಗಡಿನಲ್ಲೋ ಕೆತ್ತಿ ಕಾಗದಕ್ಕೆ ಅಚ್ಚೊತ್ತಿದ ಚಿತ್ರಗಳಲ್ಲಿ, ಹೆಂಗಸರು ಹೆಚ್ಚಾಗಿ ನೂಲುತ್ತ, ಅಡುಗೆ ಮಾಡುತ್ತ, ಪಾತ್ರೆ ತಿಕ್ಕುತ್ತ ಕಾಣುತ್ತಾರೆ. ಆಗ ಅವರಿಗೆ ಬೇರೆ ಕಸುಬು ಇರಲಿಲ್ಲವೆಂದು ತಿಳಿಯಬಹುದೇ?

ಉತ್ತರ: ಖಂಡಿತ ತಿಳಿಯಬಾರದು. ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಹೇಳುತ್ತೇನೆ. ಮುದ್ರಣಚಿತ್ರವು ಮಾರಾಟದ ಸರಕಾಗಿತ್ತು. ಪ್ರಕಾಶಕರು ಕೊಳ್ಳುವವರಿಗೆ ಹಿಡಿಸುವುದನ್ನು ಅಚ್ಚು ಹಾಕಿಸುತ್ತಿದ್ದರೇ ಹೊರತು ಊರಿನ ದುಡಿಮೆಯ ಲೆಕ್ಕ ಇಡುತ್ತಿರಲಿಲ್ಲ. ಯೋಸ್ಟ್ ಅಮ್ಮಾನನ ಮರದಚ್ಚಿನ ಚಿತ್ರಗಳೊಂದಿಗೆ 1568ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹೊರಬಂದ ಕಸುಬುಗಳ ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ವೃತ್ತಿಗಳಿದ್ದರೂ ಅವನ್ನು ಪ್ರತಿನಿಧಿಸುವವರು ಬಹುಮಟ್ಟಿಗೆ ಗಂಡಸರೇ. ಆದರೆ ಆಂಟ್‌ವರ್ಪ್‌ನಲ್ಲಿ ಹಿರೋನಿಮಸ್ ಕಾಕ್ 1570ರಲ್ಲಿ ತೀರಿಕೊಂಡಾಗ, ಅವನ ಹೆಸರಾಂತ ಚಿತ್ರ ಪ್ರಕಾಶನವನ್ನು ಹೆಂಡತಿ ಫೋಲ್ಕ್ಸ್‌ಕೆನ್ ಡೀರಿಕ್ಸ್ ವಹಿಸಿಕೊಂಡು, 1600ರಲ್ಲಿ ತಾನು ಸಾಯುವವರೆಗೂ ನಡೆಸಿದಳು.

ಅಡುಗೆಮನೆ ಕಂಡಲ್ಲೆಲ್ಲ ಅದು ಕೆಲಸದವಳ ಚಿತ್ರವೆಂದು ನಂಬುವುದೂ ತಪ್ಪು. ಚಿತ್ರಕಾರ ಪೀಟರ್ ಆರ್ಟ್ಸನ್‌ನ ಚಿತ್ರಗಳನ್ನು ಅನುಸರಿಸಿ ಕೆತ್ತನೆಗಾರ ಯಾಕೋಬ್ ಮಾಥಮ್ 1603ರ ಸುಮಾರಿಗೆ ಕೆತ್ತಿದ ಅಡುಗೆಮನೆಗಳಲ್ಲಿ ಮುಂದೆ ತಿನಿಸಿನ ರಾಶಿಯಿದ್ದರೆ ಹಿಂದೆ, ಪುಟ್ಟದಾಗಿ, ಬೈಬಲ್ಲಿನ ಪ್ರಸಂಗವಿದೆ. ಅಲ್ಲಿ ಅಡುಗೆಯವಳಿರುವುದು ನೀತಿಬೋಧೆಗಾಗಿ.

ಇವುಗಳ ಜೊತೆಗೆ ಆಮ್‌ಸ್ಟರ್‌ಡ್ಯಾಮಿನ ಗೇರ್ಟ್ರೌಟ್ ರೋಘ್‌ಮನ್ 1650ರ ಆಸುಪಾಸಿನಲ್ಲಿ ತಾನೇ ಕಲ್ಪಿಸಿ ತಾನೇ ಕೆತ್ತಿದ ಐದು ಚಿತ್ರಗಳನ್ನು ದಯವಿಟ್ಟು ನಿಧಾನವಾಗಿ ನೋಡಿ. ಹೊಲಿಗೆ, ಬಟ್ಟೆಗೆ ನೆರಿಗೆ ಹಿಡಿಯುವುದು, ನೂಲುವುದು, ಅಡುಗೆ, ಪಾತ್ರೆ ಉಜ್ಜುವುದು ಇವೇ ಅವುಗಳ ವಸ್ತು. ಪಾತ್ರೆ ಉಜ್ಜುವವಳು ನಮಗೆ ಬೆನ್ನು ತಿರುಗಿಸಿದ್ದಾಳೆ. ನೋಡುವವರನ್ನು ಒಲಿಸಿಕೊಳ್ಳುವ ನಗೆಯಾಗಲಿ, ಕೆಲಸದವಳನ್ನು ಕೆಣಕಲು ಬಂದ ಗಂಡಾಗಲಿ ಇಲ್ಲಿಲ್ಲ. ಕಾಣುವುದು ಆಕೆಯ ಬೆನ್ನು, ಉಡುಪಿನ ದಪ್ಪ ಮಡಿಕೆಗಳು ಮತ್ತು ಸುತ್ತಲಿನ ಪಾತ್ರೆಗಳು. ಆ ಕಾಲದ ಚಿತ್ರಗಳಲ್ಲಿ ಕೆಲಸವನ್ನು ಕೆಲಸವೆಂದೇ ಇಷ್ಟು ಗೌರವದಿಂದ ಕಂಡವು ಬಹಳ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಇವನ್ನು ಪೂರ್ತಿ ಸಾಕ್ಷ್ಯವೆಂದು ಒಪ್ಪಲಾರೆ. ಕೆತ್ತನೆಗಾರರ ಮನೆತನದಲ್ಲಿ ಹುಟ್ಟಿದ ರೋಘ್‌ಮನ್ ಉಳಿಯಿಂದ ತಾಮ್ರದ ತಗಡನ್ನು ಕೊರೆಯುತ್ತಿದ್ದವಳು. ಈ ಐದರಲ್ಲಿ ಆ ಕಸುಬು ಇಲ್ಲ. ಚಿತ್ರದಲ್ಲಿಲ್ಲದ ದುಡಿಮೆ ಇರಲೇ ಇಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಪ್ರಶ್ನೆ: ಒಂದು ಚಿತ್ರದಲ್ಲಿ ಹೆಂಗಸು ಎಡಗೈಯಲ್ಲಿ ಹೊಲಿಯುತ್ತಿದ್ದಾಳೆ. ಎಡಚರಿಗೆ ಏನಾದರೂ ವಿಶೇಷ ಅರ್ಥವಿತ್ತೇ?

ಉತ್ತರ: ತಗಡಿನಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಮೂಡುತ್ತದೆ, ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಗೂಢಾರ್ಥ ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: 1680ರ ದಶಕದ ಲಂಡನ್ನಿನ ಬೀದಿ ವ್ಯಾಪಾರಿಗಳ ಮಾಲಿಕೆಯಲ್ಲಿ, ಮಾರ್ಸೆಲಸ್ ಲಾರೂನ್ ಚಿತ್ರಿಸಿದ ಹಾಲಿನವಳು ತಲೆಯ ಮೇಲೆ ಬೆಳ್ಳಿಪಾತ್ರೆ ಹೊತ್ತಿದ್ದಾಳೆ. ಅಷ್ಟು ಅನುಕೂಲಸ್ಥಳೇ?

ಉತ್ತರ: ಅಲ್ಲ. ಅದು ಮೇ ಒಂದರ ವಸಂತದ ಹಬ್ಬದ ವೇಷ, ಬೆಳ್ಳಿ ಎರವಲು ತಂದದ್ದು.

ಪ್ರಶ್ನೆ: ನಮ್ಮಲ್ಲಿರುವ ಇಂಥದೊಂದು ಹಳೆಯ ಚಿತ್ರದಲ್ಲಿ ಮಳೆಗಾಲದ ತೇವಕ್ಕೆ ಕಂದು ಕಲೆ ಎದ್ದಿದೆ. ನಿಂಬೆರಸ ಹಚ್ಚಿ ಬಿಸಿಲಿಗಿಡಲು ಒಬ್ಬರು ಹೇಳಿದ್ದಾರೆ.

ಉತ್ತರ: ಹಚ್ಚಬೇಡಿ. ಹುಳಿ ಕಾಗದದ ನಾರನ್ನೇ ತಿನ್ನುತ್ತದೆ, ಬಿಸಿಲು ಅದನ್ನು ಇನ್ನಷ್ಟು ಪೆಡಸುಗೊಳಿಸುತ್ತದೆ. ಇಂಥ ಸಲಹೆ ಕೊಡುವವರ ಕೈಗೆ ಚಿತ್ರವನ್ನು ಕೊಡಲೇಬೇಡಿ. ತೇವದ ಗೋಡೆಯಿಂದ ಇಳಿಸಿ, ಒಣಗಿದ ಜಾಗದಲ್ಲಿ ಮಲಗಿಸಿಟ್ಟು, ಕಾಗದ ಸಂರಕ್ಷಣೆಯ ತರಬೇತಿ ಪಡೆದವರಿಗೆ ತೋರಿಸಿ.