ಕಟ್ಟದ ಹೋಲಿಕೆ ಬಿಡಿ, ಮೊದಲು ಚಿಹ್ನೆ ಸರಿಪಡಿಸಿ

ಏತಡ್ಕದ ಮಿತ್ರರೇ,

ದೂಳು ತುಂಬಿದ ಪ್ಲಾಸ್ಮಾದಲ್ಲಿ (ವಿದ್ಯುದಂಶ ಹೊತ್ತ ಕಣಗಳ ಅನಿಲದಲ್ಲಿ) ತರಂಗದೊಳಗೆ ಸೆರೆಸಿಕ್ಕ ಕಣಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

ಮೂರನೇ ಪುಟದಲ್ಲೇ ಬುಡ ಸಡಿಲವಾಗಿದೆ. ದೂಳಿನ ಕಣಗಳು ಋಣ ವಿದ್ಯುದಂಶ ಹೊತ್ತಿವೆ, ಅವು ಒತ್ತಾಗಿ ಸೇರಿದಲ್ಲಿ ವಿದ್ಯುತ್ ವಿಭವ (ಪೊಟೆನ್ಶಿಯಲ್) ತಗ್ಗುತ್ತದೆ ಎಂದಿದ್ದೀರಿ. ಸರಿ. ‘ಆ ತಗ್ಗಿನಲ್ಲಿ ಎಲೆಕ್ಟ್ರಾನುಗಳು ಸೆರೆಯಾಗುತ್ತವೆ’ ಎಂಬ ಮುಂದಿನ ವಾಕ್ಯ ತಪ್ಪು. ಋಣ ವಿಭವ ಎಲೆಕ್ಟ್ರಾನನ್ನು ಹೊರಗೆ ತಳ್ಳುತ್ತದೆ. ಅಲ್ಲಿ ಸಿಕ್ಕಿಬೀಳುವುದು ಧನ ಅಯಾನು. ಎಲೆಕ್ಟ್ರಾನೇ ಸೆರೆಯಾಗಬೇಕಿದ್ದರೆ ವಿಭವ ಉಬ್ಬಿದ ತರಂಗ ಬೇಕು. ದೂಳು ಹೆಚ್ಚುಕಡಿಮೆ ನಿಂತೇ ಇದ್ದು ಅಯಾನುಗಳು ಅಲುಗಾಡುವ ದೂಳು-ಅಯಾನು ಧ್ವನಿತರಂಗದಲ್ಲಿ ಅಂಥದ್ದು ಸಿಗುತ್ತದೆ. ನೀವು ಎರಡನ್ನೂ ಬೆರೆಸಿದ್ದೀರಿ. ಒಂದನ್ನು ಆರಿಸಿಕೊಳ್ಳಿ.

ಜೊತೆಗಿಟ್ಟ ಚೀಟಿಯಲ್ಲಿ ‘ನಕ್ಷೆ ಖಾಲಿ ಬರುತ್ತಿದೆ’ ಎಂದು ಬೇಸರಪಟ್ಟಿದ್ದೀರಿ. ಕಾರಣ ಇದೇ ತಪ್ಪು. ಸೆರೆಯ ಸೂತ್ರದಲ್ಲಿ ವಿಭವದ ವರ್ಗಮೂಲ ಬರುತ್ತದೆ; ವಿಭವ ಋಣವಾಗಿರುವಾಗ ಅದನ್ನು ಕೇಳಿದರೆ ಪ್ರೋಗ್ರಾಮ್ ಏನು ಕೊಟ್ಟೀತು? ವಿಭವದ ಎಡಕ್ಕೆ ಮೈನಸ್ ಹಾಕಿ ಆಮೇಲೆ ವರ್ಗಮೂಲ ತೆಗೆಯಿರಿ.

ಮಳೆಗಾಲ ಮುಗಿದ ಮೇಲೆ ನೀರು ನಿಲ್ಲಿಸಲು ತೋಡಿಗೆ ಹಾಕುವ ಕಟ್ಟವನ್ನು (ತಾತ್ಕಾಲಿಕ ಒಡ್ಡನ್ನು) ಈ ಸೆರೆಗೆ ಹೋಲಿಸಿದ್ದೀರಿ. ಕಾಸರಗೋಡಿನ ಓದುಗರಿಗೆ ಆಪ್ತವಾದ ಚಿತ್ರ, ಬಿಡಲು ನಮಗೂ ಮನಸ್ಸಿಲ್ಲ. ಆದರೆ ಕಟ್ಟ ಕದಲುವುದಿಲ್ಲ. ಇಲ್ಲಿ ತರಂಗದ ತಗ್ಗೇ ಓಡುತ್ತಿರುತ್ತದೆ, ಅದರೊಳಗಿನ ಅಯಾನು ಆಚೀಚೆ ತುಯ್ಯುತ್ತ ಜೊತೆಗೇ ಸಾಗುತ್ತದೆ. ಚಂದ್ರಗಿರಿ ಹೊಳೆಯ ದೋಣಿಯ ತಳದಲ್ಲಿ ಸೇರಿದ ನೀರು ದೋಣಿಯೊಂದಿಗೇ ಹೋಗುತ್ತ ತುಳುಕುವ ಹಾಗೆ. ಅದೂ ಅರ್ಧ ಹೋಲಿಕೆಯೇ: ಆ ನೀರು ದೋಣಿಯ ಆಕಾರ ಬದಲಿಸದು, ಸೆರೆಯಾದ ಅಯಾನುಗಳು ತರಂಗದ ಆಕಾರವನ್ನೇ ಬದಲಿಸುತ್ತವೆ.

ಗಣಿತ ಬೇರೆಯಾಗುವುದು ಇದರಿಂದ. ಸೆರೆ ಇಲ್ಲದಾಗ ಅಯಾನುಗಳ ಸಾಂದ್ರತೆಯ ವಿಸ್ತರಣೆಯಲ್ಲಿ ವಿಭವದ ಮೊದಲ ಘಾತದ ಬಳಿಕ ವರ್ಗ ಬರುತ್ತದೆ. ಸೆರೆ ಇದ್ದರೆ ನಡುವೆ ಒಂದೂವರೆ ಘಾತದ ಪದ ನುಸುಳುತ್ತದೆ. ಸಣ್ಣ ತರಂಗದಲ್ಲಿ ಅದು ವರ್ಗಪದವನ್ನು ಮೀರಿಸುತ್ತದೆ. ನೀವು ಸೆರೆ ಇರುವ ತರಂಗದ ಶಾಮೆಲ್ ಸಮೀಕರಣ ಬರೆದು, ಎಪ್ಸಿಲಾನಿನ (ತರಂಗ ಎಷ್ಟು ಸಣ್ಣದೆಂದು ಹೇಳುವ ಸಂಖ್ಯೆಯ) ಘಾತಗಳನ್ನು ಮಾತ್ರ ಸೆರೆ ಇಲ್ಲದ ತರಂಗದ ಕೆಡಿವಿ (ಕೋರ್ಟೆವೆಗ್-ಡಿ ವ್ರೀಸ್) ಸಮೀಕರಣದಿಂದ ತಂದಿದ್ದೀರಿ: ಸ್ಥಳಕ್ಕೆ 1/2, ಕಾಲಕ್ಕೆ 3/2. ಇಲ್ಲಿ 1/4 ಮತ್ತು 3/4 ಆಗಬೇಕು. ಸಾಲಿಟಾನಿನ (ಆಕಾರ ಕೆಡದೆ ಸಾಗುವ ಒಂಟಿ ಅಲೆಯ) ಆಕಾರವೂ ಗಂಟೆಯಂತೆ ಉಬ್ಬುವ ಸೆಕ್‌ಎಚ್‌ನ ವರ್ಗವಲ್ಲ, ನಾಲ್ಕನೇ ಘಾತ. ಅಲೆಯ ವೇಗ ಧ್ವನಿವೇಗವನ್ನು ಮೀರಿದಷ್ಟು ಭಾಗ ಇಮ್ಮಡಿಯಾದರೆ ಕೆಡಿವಿಯಲ್ಲಿ ಎತ್ತರವೂ ಇಮ್ಮಡಿ, ಇಲ್ಲಿ ನಾಲ್ಕು ಪಟ್ಟು.

ಬೀಟಾ (ಸ್ವತಂತ್ರ ಅಯಾನುಗಳ ತಾಪಮಾನಕ್ಕೂ ಸೆರೆಯಾದವುಗಳ ತಾಪಮಾನಕ್ಕೂ ಇರುವ ಅನುಪಾತ) 1 ಆದಾಗ ಎತ್ತರ ಅನಂತವಾಗುತ್ತದೆ ಎಂದು ಬೆರಗಿನಿಂದ ಬರೆದಿದ್ದೀರಿ. ಅದು ನಿಸರ್ಗದ ವಿಸ್ಮಯವಲ್ಲ. ಆಗ ಒಂದೂವರೆ ಘಾತದ ಪದ ಸೊನ್ನೆಯಾಗುತ್ತದೆ, ನೀವು ಕೈಬಿಟ್ಟ ವರ್ಗಪದವನ್ನು ಮರಳಿ ತರಬೇಕಾಗುತ್ತದೆ.

ಶನಿಯ ಬಳೆಗಳ ಎರಡು ಪುಟ ತೆಗೆಯಿರಿ. ಅಯೋವಾ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಬರ್ಕಾನ್, ಮೆರ್ಲಿನೊ, ಡಿ’ಆಂಜೆಲೊ ಕಂಡ, ದೂಳೇ ಅಲುಗಾಡುವ ದೂಳು-ಧ್ವನಿತರಂಗದಿಂದ ಶುರುಮಾಡಿ: ತರಂಗದಿಂದ ತರಂಗಕ್ಕೆ ಸುಮಾರು 0.6 ಸೆಂಟಿಮೀಟರ್, ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್ ವೇಗ. ದೂಳಿನ ಕಣ ಅಷ್ಟು ಭಾರ, ಅದಕ್ಕೇ ಈ ನಿಧಾನ. ಇದಕ್ಕೆ 1990ರಲ್ಲೇ ಸಿದ್ಧಾಂತ ಕಟ್ಟಿದ ರಾವ್, ಶುಕ್ಲಾ, ಯು ಅವರ ಹೆಸರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಸೇರಿಸಿ.

ನಕ್ಷೆ ಒಂದೇ ಸಾಕು. ಒಂದೇ ಎತ್ತರಕ್ಕೆ ತಂದ ಕೆಡಿವಿ, ಶಾಮೆಲ್ ಎರಡೂ ಆಕಾರಗಳನ್ನು ಒಂದರ ಮೇಲೊಂದು ಬರೆದು ಕಳಿಸಿ.