ಕಿತ್ತಾಗ ಅಂಟು ಉಳಿಯಬಾರದು, ಸೌಂಡ್ ಮಿಕ್ಸರ್ ಮೇಲೆ ಬರೆಯೋಕೆ ಯಾವ ಟೇಪು?

ಮೈಕು, ವಾದ್ಯಗಳ ಸದ್ದು ಬೆರೆಸುವ ಮಿಕ್ಸರ್, ಸಿಂತ್ (ಸಿಂಥಸೈಜರ್ ಕೀಬೋರ್ಡ್), ಕೇಬಲ್ ಎಲ್ಲದಕ್ಕೂ ಹೆಸರು ಬರೆದು ಅಂಟಿಸಬೇಕು, ಆಮೇಲೆ ಕಿತ್ತರೆ ಕಲೆ ಉಳಿಯಬಾರದು ಎಂದು ಕೇಳಿದ್ದೀರಿ. ಒಂದೇ ಸುರುಳಿ ಕೊಳ್ಳುವುದಾದರೆ ಕನ್ಸೋಲ್ ಟೇಪ್ ಕೊಳ್ಳಿ. ಆರ್ಟಿಸ್ಟ್ ಟೇಪ್ ಅಂತಲೂ ಮಾರುತ್ತಾರೆ. ಬಿಳಿ ಕಾಗದದ ಟೇಪು, ಅಂಟು ಹದವಾಗಿರುತ್ತದೆ. ಕೈಯಲ್ಲೇ ಹರಿಯಬಹುದು. ಮಾರ್ಕರ್‌ನಲ್ಲಿ ಬರೆದದ್ದು ಮಂದ ಬೆಳಕಲ್ಲೂ ಕಾಣುತ್ತದೆ. ಅಗಲ ಅರ್ಧ, ಮುಕ್ಕಾಲು, ಒಂದು ಇಂಚು ಹೀಗೆ ಸಿಗುತ್ತದೆ. ಫೇಡರ್‌ಗಳ, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳ, ಕೆಳಗಿನ ಖಾಲಿ ಪಟ್ಟಿಯನ್ನು ಮೊದಲು ಸ್ಕೇಲ್ ಇಟ್ಟು ಅಳೆದುಕೊಳ್ಳಿ.

ಮಾಮೂಲಿ ಮಾಸ್ಕಿಂಗ್ ಟೇಪು ನೋಡೋಕೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅಗ್ಗವೂ ಹೌದು. ನಾನೂ ಅದನ್ನೇ ಹಾಕಿದ್ದೆ. ಮಿಕ್ಸರ್ ಕಿಟಕಿ ಪಕ್ಕ ಇತ್ತು, ಟೇಪು ಒಂದಿಡೀ ಬೇಸಿಗೆ ಅದರ ಮೇಲೇ ಉಳಿಯಿತು. ಕೀಳಲು ಹೋದರೆ ಕಾಗದ ಚೂರುಚೂರಾಗಿ ಉಗುರಿಗೆ ಬಂತು. ಅಂಟು ಮಾತ್ರ ಹಳದಿ ಗೆರೆಯಾಗಿ ಅಲ್ಲೇ ಕೂತಿತ್ತು. ಥಿನ್ನರ್ ಹಾಕಿ ಉಜ್ಜಿದೆ. ಅಂಟು ಹೋಯಿತು, ಜೊತೆಗೆ 7, 8 ಅಂತ ಅಚ್ಚಾಗಿದ್ದ ಚಾನಲ್ (ಒಂದೊಂದು ಮೈಕು, ವಾದ್ಯಕ್ಕೆ ಇರುವ ಸಾಲು) ಅಂಕಿಗಳೂ ಬಟ್ಟೆಗೆ ಬಂದವು. ಇವತ್ತಿಗೂ ಆ ಜಾಗ ಬೋಳಾಗಿದೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ಆ ಟೇಪಿನ ಅಂಟು ಸಾಮಾನ್ಯವಾಗಿ ರಬ್ಬರಿನದು. ಬಿಸಿ ತಾಗಿದರೆ ಮೆತ್ತಗಾಗಿ, ಕೆಳಗಿನ ಬಣ್ಣದ ತರಿತರಿಯೊಳಗೆ ಇಳಿದು ಕೂರುತ್ತದೆ. ಬಿಸಿಲು ಬಿದ್ದು ಹಳೆಯದಾದಂತೆ ಒಣಗಿ ಕಚ್ಚಿಕೊಳ್ಳುತ್ತದೆ. ಮಿಕ್ಸರ್ ತಾನೇ ಬಿಸಿಯಾಗುವ ಯಂತ್ರ ಬೇರೆ, ಅಲ್ವಾ? ಹಾಗಾಗಿ ಟೇಪು ಎಷ್ಟು ದಿನ ಮೇಲಿರುತ್ತದೆ ಅನ್ನೋದನ್ನು ಮೊದಲು ಯೋಚಿಸಿ. ಗೋಡೆಗೆ ಬಣ್ಣ ಬಳಿಯುವಾಗ ಹಾಕುವ ನೀಲಿ ಟೇಪುಗಳ ಮೇಲೆ ಈ ಲೆಕ್ಕ ಬರೆದೇ ಇರುತ್ತದೆ. 3ಎಂ ಕಂಪನಿಯ ಸ್ಕಾಚ್‌ಬ್ಲೂ 2090ಕ್ಕೆ 14 ದಿನ. ಸ್ವಲ್ಪ ದಿನ ಬಿಡಬೇಕಾದ ಕಡೆ ನಾನು ನೀಲಿ ಟೇಪು ಹಾಕುತ್ತೇನೆ, ಆದರೆ ಅಕ್ಷರ ಬಿಳಿಯ ಮೇಲೆ ಕಂಡಷ್ಟು ಚೆನ್ನಾಗಿ ಕಾಣುವುದಿಲ್ಲ. ಕನ್ಸೋಲ್ ಟೇಪನ್ನಂತೂ ಕೆಲಸ ಮುಗಿದ ರಾತ್ರಿಯೇ ಕಿತ್ತುಬಿಡುತ್ತೇನೆ. ಹಳೇ ಟೇಪಿನ ಮೇಲೇ ಹೊಸದು ಅಂಟಿಸುತ್ತಾ ಹೋಗಬೇಡಿ, ಅಡಿಯಲ್ಲಿರುವುದು ತಿಂಗಳುಗಟ್ಟಲೆ ಹಾಗೇ ಉಳಿದುಬಿಡುತ್ತದೆ.

ಗಾಫರ್ ಟೇಪು ಬಟ್ಟೆಯದು. ನೆಲದ ಮೇಲಿನ ವೈರಿಗೆ, ಸಾಮಾನಿನ ಪೆಟ್ಟಿಗೆಗೆ ಒಳ್ಳೆಯದು, ಮಿಕ್ಸರ್ ಮುಖಕ್ಕೆ ಜಾಸ್ತಿ ಗಟ್ಟಿ. ಡಕ್ಟ್ ಟೇಪು ಬೇಡವೇ ಬೇಡ.

ಕೇಬಲ್‌ಗೆ ಎಲ್ಲರೂ ಕರೆಂಟಿನ ಟೇಪು ಸುತ್ತುತ್ತಾರೆ. ಕೆಲವು ತಿಂಗಳಲ್ಲಿ ಅದು ಜಾರಿ, ಪಕ್ಕದಲ್ಲೆಲ್ಲ ಜಿಗುಟು ಬಿಟ್ಟು, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಅದರ ಬದಲು ಕಾಗದದ ಟೇಪನ್ನು ಒಂದೇ ಸುತ್ತು ತಂದು, ಎರಡು ತುದಿಗಳನ್ನು ಒಂದಕ್ಕೊಂದು ಅಂಟಿಸಿ. ಬಾವುಟದ ಥರ ನಿಲ್ಲುತ್ತದೆ. ಅಂಟು ಕೇಬಲ್‌ಗೆ ತಾಗುವುದೇ ಕಡಿಮೆ, ಬರೆಯಲು ಎರಡು ಕಡೆ ಜಾಗವೂ ಸಿಗುತ್ತದೆ. ಒಂದೇ ನಂಬರನ್ನು ಎರಡೂ ತುದಿಯಲ್ಲಿ ಹಾಕಿ.

ಕೆಲವಕ್ಕೆ ಯಾವ ಟೇಪನ್ನೂ ಹಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮುಟ್ಟಿದರೆ ರಬ್ಬರಿನಂತೆ ಮೆತ್ತಗೆ ಅನ್ನಿಸುವ ಲೇಪನ ಕೆಲವು ಸಿಂತ್, ಕಂಟ್ರೋಲರ್‌ಗಳ ಮೇಲಿರುತ್ತದೆ, ಅದು ಟೇಪಿನ ಜೊತೆಗೇ ಎದ್ದು ಬರಬಹುದು. ಹಳೆಯ ಗಿಟಾರುಗಳ ನೈಟ್ರೋಸೆಲ್ಯುಲೋಸ್ ಮೆರುಗೂ ಹಾಗೆಯೇ ನಾಜೂಕು. ಅಂಥವುಗಳ ಹೆಸರನ್ನು ಅವುಗಳ ಚೀಲದ ಮೇಲೆ ಬರೆಯಿರಿ. ಅನುಮಾನ ಇದ್ದರೆ ಸಣ್ಣ ತುಂಡನ್ನು ಯಂತ್ರದ ತಳದಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿ.

ಅಂಟಿಸುವಾಗಲೇ ಒಂದು ತುದಿಯನ್ನು ಸ್ವಲ್ಪ ಒಳಕ್ಕೆ ಮಡಚಿಡಿ, ಆಗ ಉಗುರಿನಲ್ಲಿ ಕೆರೆಯೋದು ತಪ್ಪುತ್ತದೆ. ಆ ತುದಿ ಹಿಡಿದು, ಟೇಪನ್ನು ಅದರ ಮೇಲೇ ಹಿಂದಕ್ಕೆ ಬಾಗಿಸಿ ನಿಧಾನವಾಗಿ ಎಳೆಯಿರಿ. ಮೇಲಕ್ಕೆ ಸರಕ್ಕನೆ ಎಳೆದರೆ ಹರಿಯುತ್ತದೆ. ಮೊಂಡು ಹಿಡಿದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಉಳಿದ ಅಂಟಿಗೆ ಹೊಸ ಟೇಪಿನ ತುಂಡನ್ನು ಒತ್ತಿ ಒತ್ತಿ ಎತ್ತಿ, ಬಹಳಷ್ಟು ಅದಕ್ಕೇ ಬರುತ್ತದೆ. ಆಗಲೂ ಹೋಗದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಅದನ್ನು ಬಟ್ಟೆಗೆ ಹಾಕಿ, ಯಂತ್ರದ ಮೇಲೆ ಸುರಿಯಬೇಡಿ. ಅಚ್ಚಾದ ಅಕ್ಷರಗಳಿಂದ ದೂರ ಇರಿ. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ.

ಕಿತ್ತ ಪಟ್ಟಿಯನ್ನು ಸುಮ್ನೆ ಬಿಸಾಡಬೇಡಿ. ಅದೇ ತಂಡ ಇನ್ನೊಮ್ಮೆ ಬರುವುದಿದ್ದರೆ, ಉದ್ದಕ್ಕೂ ಒಂದೇ ತುಂಡಾಗಿ ಎತ್ತಿ ಮಿಕ್ಸರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ತಾರೀಖು ಬರೆದಿಡಿ. ಮುಂದಿನ ಸಲ ಯಾವ ಮೈಕು ಯಾವ ಚಾನಲ್ ಅನ್ನೋದು ಮುಚ್ಚಳ ತೆಗೆದ ಕೂಡಲೇ ಕಣ್ಣೆದುರಿಗೇ ಇರುತ್ತದೆ.