ಕ್ರಷರ್ ಧೂಳಿನ ರಸ್ತೆಯಲ್ಲಿ ಓಡುವ ಬೈಕಿನ ಚೈನ್ ತೊಳೆದು ಎಣ್ಣೆ ಬಿಡೋದು ಹೇಗೆ?

ಪೇರೇಸಂದ್ರದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಹೋಗಿ ಬಂದು 40 ಕಿಲೋಮೀಟರ್ ಆಗುತ್ತೆ, ವಾಟರ್ ವಾಶ್ ಮಾಡಿಸಿದಾಗಲೆಲ್ಲ ಚೈನಿಗೆ ಹಳೇ ಎಂಜಿನ್ ಆಯಿಲ್ ಬಳಿದು ಕೊಡ್ತಾರೆ, ಆದರೂ ವಾರದೊಳಗೆ ಶಬ್ದ ಶುರುವಾಗುತ್ತೆ, ಇನ್ನೂ ಜಾಸ್ತಿ ಎಣ್ಣೆ ಹಾಕಬೇಕಾ, ಇಲ್ಲ ಚೈನೇ ಬದಲಿಸಬೇಕಾ ಅಂತ ಕೇಳಿದ್ದೀರಿ. ಜಾಸ್ತಿ ಎಣ್ಣೆ ಬೇಡ. ಈಗಲೇ ಬೇಕಾದಷ್ಟಿದೆ, ಆದರೆ ಇರಬೇಕಾದ ಜಾಗದಲ್ಲಿಲ್ಲ. ಬದಲಿಸಬೇಕೋ ಬೇಡವೋ ಅನ್ನೋದನ್ನ ಅಳತೆ ಹಿಡಿದು ನೋಡಿಯೇ ಹೇಳಬೇಕು, ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಚೈನಿನ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಮಧ್ಯದಲ್ಲಿ ಒಂದು ಪಿನ್, ಅದರ ಸುತ್ತ ಕೊಳವೆಯಂಥ ಬುಷ್, ಬುಷ್ ಮೇಲೆ ಉರುಳುವ ರೋಲರ್. ಸ್ಪ್ರಾಕೆಟ್, ಅಂದರೆ ಚೈನ್ ಸುತ್ತಿಕೊಳ್ಳುವ ಚಕ್ರ, ಅದರ ಹಲ್ಲಿನ ಮೇಲೆ ಕೂರೋದು ರೋಲರ್. ಆದರೆ ಕೊಂಡಿ ಬಾಗಿದಾಗಲೆಲ್ಲ ಉಜ್ಜಾಡೋದು ಒಳಗಿನ ಪಿನ್ನು ಮತ್ತು ಬುಷ್. ಚೈನ್ ಉದ್ದವಾಗೋದು ಅಂತ ನಾವು ಹೇಳೋದು ಈ ಜಾಗ ಸವೆದದ್ದನ್ನೇ, ಕಬ್ಬಿಣ ಎಳೆದುಕೊಂಡು ಬೆಳೆಯೋದಿಲ್ಲ. ಅಲ್ಲಿಗೆ ಎಣ್ಣೆ ಹೋಗೋಕೆ ಇರೋದು ಒಂದೇ ದಾರಿ: ಒಳ ಪ್ಲೇಟ್ ಮತ್ತು ಹೊರ ಪ್ಲೇಟ್ ನಡುವಿನ ಕೂದಲೆಳೆಯಷ್ಟು ಸಂದು. ಬ್ರಷ್ಷಿನಲ್ಲಿ ಮೇಲೆ ಬಳಿದ ಎಣ್ಣೆಯಲ್ಲಿ ಬಹುಪಾಲು ಹೊರಗೇ ಉಳಿದು ಧೂಳು ಹಿಡಿಯುತ್ತೆ.

ನಿಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ಕ್ವಾರಿ, ಕ್ರಷರ್‌ಗಳಿಂದ ಬರೋದು ಗ್ರಾನೈಟ್ ಕಲ್ಲಿನ ಪುಡಿ, ಅದರಲ್ಲಿ ಬೆಣಚುಕಲ್ಲಿನ ಅಂಶ ಇರುತ್ತೆ. ಅದು ಕಬ್ಬಿಣವನ್ನು ಸ್ಯಾಂಡ್ ಪೇಪರ್ ಥರ ತಿನ್ನುತ್ತೆ. ಈಗ ಚೈನಿನ ಮೇಲಿರುವ ಕಪ್ಪು ಜಿಡ್ಡನ್ನು ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳಿನ ಮಧ್ಯೆ ಉಜ್ಜಿ ನೋಡಿ. ಚಿರೋಟಿ ರವೆಯ ಹಾಗೆ ಕರಕರ ಅಂದರೆ ಅದು ಎಣ್ಣೆಯಲ್ಲ, ಸಾಣೆ ಪುಡಿ. ಅದರ ಮೇಲೆ ಮತ್ತೆ ಎಣ್ಣೆ ಬಿಟ್ಟರೆ ಆ ಪುಡಿಯನ್ನು ನಾವೇ ಸಂದಿನೊಳಕ್ಕೆ ತಳ್ಳಿದ ಹಾಗಾಗುತ್ತೆ. ಹಳೇ ಎಂಜಿನ್ ಆಯಿಲ್‌ನಲ್ಲಂತೂ ಮಸಿ, ಸಣ್ಣ ಲೋಹದ ಕಣ ಮೊದಲೇ ಸೇರಿರುತ್ತೆ. ತೆಳ್ಳಗಿರೋದರಿಂದ ಗಾಡಿ ಓಡಿದ ಕೂಡಲೇ ಅರ್ಧ ಎಣ್ಣೆ ರಿಮ್ಮಿಗೂ ನಂಬರ್ ಪ್ಲೇಟಿಗೂ ಸಿಡಿಯುತ್ತೆ. ಮುಂದಿನ ಸಲ ವಾಶ್‌ಗೆ ಕೊಡುವಾಗ ‘ಚೈನಿಗೆ ಆಯಿಲ್ ಹಾಕಬೇಡಿ ಅಣ್ಣ, ಪ್ರೆಶರ್ ನೀರನ್ನೂ ನೇರ ಚೈನಿಗೆ ಬಿಡಬೇಡಿ’ ಅಂತ ಮೊದಲೇ ಹೇಳಿಬಿಡಿ.

ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮದು ಓ-ರಿಂಗ್ ಚೈನೋ ಸಾದಾ ಚೈನೋ ಗೊತ್ತಾಗಬೇಕು. ಒಂದು ಜಾಗ ಒರೆಸಿ ಪ್ಲೇಟುಗಳ ಮಧ್ಯೆ ಟಾರ್ಚ್ ಬಿಟ್ಟು ನೋಡಿ. ಎರಡು ಪ್ಲೇಟುಗಳ ನಡುವೆ ತೆಳ್ಳಗೆ ಕಪ್ಪು ರಬ್ಬರ್ ಬಳೆ ಕಂಡರೆ ಓ-ರಿಂಗ್. ಅದರಲ್ಲಿ ಪಿನ್ನಿಗೆ ಬೇಕಾದ ಗ್ರೀಸನ್ನು ಕಂಪನಿಯಲ್ಲೇ ತುಂಬಿ ರಬ್ಬರಿನಿಂದ ಮುಚ್ಚಿರುತ್ತಾರೆ. ನಾವು ಹೊರಗಿಂದ ಹಾಕೋ ಎಣ್ಣೆ ರೋಲರಿಗೆ, ತುಕ್ಕು ಹಿಡಿಯದಿರೋಕೆ, ರಬ್ಬರ್ ಒಣಗದಿರೋಕೆ. ಹಾಗಾಗಿ ಆ ರಬ್ಬರನ್ನು ಕಾಪಾಡೋದೇ ಅಲ್ಲಿ ಮುಖ್ಯ. ಪೆಟ್ರೋಲ್, ಥಿನ್ನರ್, ತಂತಿ ಬ್ರಷ್ ಮೂರೂ ಮುಟ್ಟಿಸಬೇಡಿ. ಪೆಟ್ರೋಲಿಗೆ ರಬ್ಬರ್ ಉಬ್ಬಿ ಬಿರಿಯುತ್ತೆ, ತಂತಿ ಅದನ್ನು ಹರಿಯುತ್ತೆ, ಆಮೇಲೆ ಒಳಗಿನ ಗ್ರೀಸ್ ಸೋರಿ ಚೈನ್ ಬೇಗ ಮುಗಿಯುತ್ತೆ. ಸಾದಾ ಚೈನಿಗೆ ಈ ರಬ್ಬರಿನ ಭಯ ಇಲ್ಲ. ಆದರೂ ಪೆಟ್ರೋಲ್ ಬೇಡ, ಅದು ಎಣ್ಣೆಯ ಪಸೆಯನ್ನೂ ಬಿಡದೆ ಒಣಗಿಸುತ್ತೆ, ಬೆಂಕಿಯ ಅಪಾಯ ಬೇರೆ.

ಬೇಕಾಗೋದು ಇಷ್ಟೇ: 200 ಎಂ.ಎಲ್. ಸೀಮೆಎಣ್ಣೆ, ಹಳೇ ಟೂತ್ ಬ್ರಷ್ ಎರಡು, ಬನಿಯನ್ ಬಟ್ಟೆ, ಕೆಳಗೆ ಹಾಸೋಕೆ ರಟ್ಟು, 90 ನಂಬರ್ ಗೇರ್ ಆಯಿಲ್, ಮೆಡಿಕಲ್ ಸ್ಟೋರಲ್ಲಿ ಸಿಗುವ 10 ಎಂ.ಎಲ್. ಸಿರಿಂಜ್ ಒಂದು, ಸೂಜಿ ಬೇಡ. ಸೀಮೆಎಣ್ಣೆ ಈಗ ಎಲ್ಲ ಕಡೆ ಸಿಗೋದಿಲ್ಲ. ಸಿಗದಿದ್ದರೆ ಡೀಸೆಲ್ ಆಗುತ್ತೆ, ಆದರೆ ಅದು ಬೇಗ ಆರೋದಿಲ್ಲ, ಎರಡು ಸಲ ಜಾಸ್ತಿ ಒರೆಸಬೇಕು.

ಎಂಜಿನ್ ಆಫ್, ಕೀ ಜೇಬಿನಲ್ಲಿ, ಗೇರ್ ನ್ಯೂಟ್ರಲ್. ಸೆಂಟರ್ ಸ್ಟ್ಯಾಂಡ್ ಹಾಕಿ ಗಾಡಿ ಸ್ಟಾರ್ಟ್ ಮಾಡಿ ಫಸ್ಟ್ ಗೇರಲ್ಲಿ ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿಯೋದನ್ನ ಎಷ್ಟೋ ಕಡೆ ನೋಡಿರ್ತೀರಿ. ಬಟ್ಟೆ ಹಲ್ಲಿಗೆ ಸಿಕ್ಕರೆ ಅದರ ಹಿಂದೆಯೇ ಬೆರಳೂ ಹೋಗುತ್ತೆ, ಕೈ ಎಳೆದುಕೊಳ್ಳೋಕೆ ಸಮಯವೇ ಇರಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಯಾರಾದರೂ ಮಾಡುತ್ತಿದ್ದರೆ ನಿಲ್ಲಿಸಿ. ಕೈಯಲ್ಲೇ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಚೈನಿನ ಕೆಳಗಿನ ಸಾಲಿನಲ್ಲಿ ಹಿಂದಿನ ಸ್ಪ್ರಾಕೆಟ್ ಹತ್ತಿರ ಬಟ್ಟೆ ಹಿಡಿಯಿರಿ. ಹಾಗೆ ತಿರುಗಿಸಿದಾಗ ಚೈನ್ ಆ ಹಲ್ಲುಗಳಿಂದ ದೂರಕ್ಕೆ ಸರಿಯುತ್ತೆ, ಬಟ್ಟೆ ಒಳಗೆ ಎಳೆದುಕೊಳ್ಳೋದಿಲ್ಲ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಸೈಡ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಕಂಡಷ್ಟು ಭಾಗ ಮುಗಿಸಿ, ಒಂದೂವರೆ ಅಡಿ ಮುಂದಕ್ಕೆ ತಳ್ಳಿ ಮತ್ತೆ ಶುರುಮಾಡಿ. ಎಲ್ಲಿಂದ ಶುರು ಮಾಡಿದಿರಿ ಅಂತ ಗೊತ್ತಾಗೋಕೆ ಒಂದು ಕೊಂಡಿಗೆ ಸೀಮೆಸುಣ್ಣದ ಗುರುತು ಹಾಕಿ.

ಮೊದಲು ಒಣ ಬಟ್ಟೆಯಲ್ಲಿ ದಪ್ಪ ಜಿಡ್ಡು ಎಳೆದು ತೆಗೆಯಿರಿ. ಆಮೇಲೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದು ಗೇಣು ಉದ್ದದಷ್ಟು ಭಾಗವನ್ನು ನಾಲ್ಕೂ ಕಡೆ ಉಜ್ಜಿ: ಮೇಲೆ, ಕೆಳಗೆ, ಎರಡೂ ಬದಿ. ಚಕ್ರದ ಕಡೆಯ ಬದಿ ಕಣ್ಣಿಗೆ ಕಾಣದ್ದರಿಂದ ಹೆಚ್ಚಿನವರು ಅದನ್ನ ಬಿಟ್ಟುಬಿಡ್ತಾರೆ, ಕಲ್ಲಿನ ಪುಡಿ ಕೂತಿರೋದೂ ಅಲ್ಲೇ. ಬ್ರಷ್ಷಿನಿಂದ ಇಳಿಯೋ ಸೀಮೆಎಣ್ಣೆ ಕಪ್ಪಾಗಿರದೆ ಟೀ ಬಣ್ಣಕ್ಕೆ ಬಂದರೆ ಸಾಕು. ಸಾದಾ ಚೈನಾದರೆ ಎರಡು ಮೂರು ತಿಂಗಳಿಗೊಮ್ಮೆ ಲಾಕ್ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಬಿಚ್ಚಿ, ಚೈನನ್ನು ಪೂರ್ತಿ ತೆಗೆದು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಬಹುದು, ಓ-ರಿಂಗ್ ಚೈನನ್ನು ನೆನೆಹಾಕಲೇಬಾರದು. ಮುಂದಿನ ಸಣ್ಣ ಸ್ಪ್ರಾಕೆಟ್ಟಿನ ಕವರ್ ಎರಡು ಮೂರು ಬೋಲ್ಟಿನದು, ಅದನ್ನೂ ಆಗಾಗ ಬಿಚ್ಚಿ. ಒಳಗೆ ಹಳೇ ಎಣ್ಣೆ ಮತ್ತು ಧೂಳು ಸೇರಿ ಹದವಾದ ಮಣ್ಣಿನ ಮುದ್ದೆ ಆಗಿರುತ್ತೆ, ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆಯಬೇಕು. ತೆಗೆದ ಮೇಲೆ ಸ್ಪ್ರಾಕೆಟ್ ಹಿಂದೆ ಹೊಸ ಎಣ್ಣೆ ಒಸರುತ್ತಿದ್ದರೆ ಅದು ಎಂಜಿನ್ನಿನ ಆಯಿಲ್ ಸೀಲ್ ಹೋಗಿರುವ ಗುರುತು.

ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಗಾಡಿಯವರು ನಮಗೆ ಧೂಳು ಬರಲ್ಲ ಅಂದುಕೊಳ್ಳುತ್ತಾರೆ. ಬರೋದು ಕಡಿಮೆ, ಆದರೆ ಬಂದದ್ದು ಹೊರಗೆ ಹೋಗೋದೂ ಇಲ್ಲ. ಕವರಿನ ರಬ್ಬರ್ ಬಿರಡೆ ತೆಗೆದು ಎಣ್ಣೆ ಮಾತ್ರ ಬಿಡಬಹುದು, ತೊಳೆಯೋಕೆ ಕವರ್ ಬಿಚ್ಚಲೇಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿಸಿ.

ಒಣ ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಆರಲು ಬಿಡಿ. ಸೀಮೆಎಣ್ಣೆ ಹಸಿಯಾಗಿರುವಾಗಲೇ ಗೇರ್ ಆಯಿಲ್ ಬಿಟ್ಟರೆ ಎರಡೂ ಬೆರೆತು ತೆಳುವಾಗಿ ಸಿಡಿಯುತ್ತೆ. ಈಗ ಸಿರಿಂಜಿಗೆ ಎಣ್ಣೆ ಎಳೆದುಕೊಂಡು ಕೆಳಗಿನ ಸಾಲಿನ ಒಳಮೈಗೆ, ಅಂದರೆ ಹಲ್ಲಿಗೆ ತಾಗುವ ಮೇಲ್ಮೈಗೆ, ಒಂದೊಂದು ಕೊಂಡಿಗೆ ಎಡಕ್ಕೊಂದು ಬಲಕ್ಕೊಂದು ತೊಟ್ಟು ಬಿಡಿ. ತೊಟ್ಟು ಬೀಳಬೇಕಾದ್ದು ರೋಲರಿನ ಹೊಟ್ಟೆಯ ಮೇಲಲ್ಲ, ಒಳ ಪ್ಲೇಟ್ ಹೊರ ಪ್ಲೇಟ್ ಸೇರುವ ಸಂದಿನಲ್ಲಿ. ಓ-ರಿಂಗ್ ಚೈನಾದರೆ ರೋಲರಿನ ಎರಡು ಅಂಚಿಗೆ ಮತ್ತು ರಬ್ಬರಿನ ಮೇಲೆ. ಒಳಮೈಗೇ ಯಾಕೆ ಅಂದರೆ ಗಾಡಿ ಓಡುವಾಗ ಸ್ಪ್ರಾಕೆಟ್ ಸುತ್ತುವ ರಭಸಕ್ಕೆ ಎಣ್ಣೆ ಒಳಗಿಂದ ಹೊರಕ್ಕೆ ಚಲಿಸುತ್ತೆ, ದಾರಿಯಲ್ಲಿ ಬುಷ್ಷನ್ನು ತೋಯಿಸಿಕೊಂಡೇ ಹೋಗುತ್ತೆ. ಹೊರಮೈಗೆ ಹಾಕಿದ್ದು ನೇರ ಗಾಳಿಗೆ ಹೋಗುತ್ತೆ. ಸುಮಾರು 118 ಕೊಂಡಿಯ ಚೈನಿಗೆ ಒಂದು ಸಿರಿಂಜ್, ಅಂದರೆ 10 ಎಂ.ಎಲ್., ಧಾರಾಳ. ಹಿಂದಿನ ಸ್ಪ್ರಾಕೆಟ್ಟಿಗೆ 43 ಹಲ್ಲಿದ್ದರೆ ಚೈನ್ ಒಂದು ಸುತ್ತು ಬರಲು ಚಕ್ರ ಸುಮಾರು ಎರಡೂಮುಕ್ಕಾಲು ಸುತ್ತಬೇಕು. ಒಂದು ಸುತ್ತು ತಿರುಗಿಸಿ ಮುಗೀತು ಅಂದುಕೊಂಡರೆ ಮೂರರಲ್ಲಿ ಎರಡು ಪಾಲು ಚೈನ್ ಒಣಗಿಯೇ ಇರುತ್ತೆ ಅನ್ನಬಹುದು.

ಹತ್ತು ಸಲ ಚಕ್ರ ತಿರುಗಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒಣ ಬಟ್ಟೆಯಲ್ಲಿ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಹಾಕಿ ಒರೆಸೋದು ದಂಡ ಅನ್ನಿಸಬಹುದು, ಆದರೆ ಕ್ರಷರ್ ರಸ್ತೆಗೆ ಇದೇ ಅತಿ ಮುಖ್ಯವಾದ ಹಂತ. ಬೆರಳು ಮುಟ್ಟಿಸಿದರೆ ಪಸೆ ಮಾತ್ರ ತಾಗಬೇಕು, ಎಣ್ಣೆ ಅಂಟಿಕೊಂಡು ಬರಬಾರದು. ಟೈರಿನ ಮೇಲೆ ಅಥವಾ ಡಿಸ್ಕ್ ಮೇಲೆ ತೊಟ್ಟು ಬಿದ್ದಿದ್ದರೆ ಸೋಪಿನ ನೀರಿನಲ್ಲಿ ಒರೆಸದೆ ಗಾಡಿ ತೆಗೆಯಬೇಡಿ.

ಚೈನ್ ಸ್ಪ್ರೇ ಒಳ್ಳೆಯದಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಒಳ್ಳೆಯದೇ. ಡಬ್ಬಿಯಿಂದ ತೆಳ್ಳಗೆ ಬಂದು ಸಂದಿಗೆ ಇಳಿದು, ಜೊತೆಗಿರುವ ದ್ರಾವಕ ಆರಿದ ಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಸ್ಪ್ರೇ ಮಾಡಿದ ಕೂಡಲೇ ಗಾಡಿ ಹತ್ತಬಾರದು. ಧೂಳಿನ ದಾರಿಗೆ ಮೇಣದ ಥರದ ಸ್ಪ್ರೇ ಸಿಕ್ಕರೆ ಗೇರ್ ಆಯಿಲಿಗಿಂತ ಕಡಿಮೆ ಧೂಳು ಹಿಡಿಯುತ್ತೆ. ಗ್ರೀಸ್ ಮಾತ್ರ ಹಚ್ಚಬೇಡಿ, ಸಂದಿನೊಳಗೆ ಇಳಿಯೋದೂ ಇಲ್ಲ, ಧೂಳು ಬಿಡೋದೂ ಇಲ್ಲ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳು ತುಕ್ಕಿಗೆ ಸರಿ, ಚೈನ್ ಓಡಿಸೋಕೆ ಸಾಲದು.

ಈ ಕೆಲಸ ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಅನ್ನುತ್ತಾರೆ. ನಿಮ್ಮ ಲೆಕ್ಕಕ್ಕೆ ಅದು 12 ದಿನ. ಬೇಸಿಗೆಯ ಧೂಳಿನಲ್ಲಿ ಎಂಟು ಒಂಬತ್ತು ದಿನಕ್ಕೇ ಮಾಡಿ. ಮಳೆಯಲ್ಲಿ ನೆನೆದ ದಿನ ಮನೆಗೆ ಬಂದ ಕೂಡಲೇ ಒರೆಸಿ ತೆಳ್ಳಗೆ ಎಣ್ಣೆ ಬಿಡಿ, ಭಾನುವಾರಕ್ಕೆ ಕಾಯಬೇಡಿ, ಒಂದೇ ರಾತ್ರಿಗೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತೆ. ವಾಟರ್ ವಾಶ್ ಆದ ದಿನವೂ ಅಷ್ಟೇ.

ಇನ್ನು ಶಬ್ದ. ಸರ್ ಸರ್ ಅಂತ ಒಂದೇ ಸಮ ಬಂದರೆ ಚೈನ್ ಒಣಗಿದೆ. ಚಕ್ರ ಹೆಚ್ಚುಕಮ್ಮಿ ಮೂರು ಸುತ್ತು ಬಂದಾಗ ಒಂದು ಸಲ ಕಟ್ ಅಂದರೆ ಯಾವುದೋ ಒಂದು ಕೊಂಡಿ ಬಿಗಿದಿದೆ. ಚಕ್ರ ನಿಧಾನ ತಿರುಗಿಸುತ್ತಾ ನೋಡಿದರೆ ಸ್ಪ್ರಾಕೆಟ್ ಬಿಟ್ಟ ಮೇಲೂ ಅದು ನೇರವಾಗದೆ ಮಂಡಿ ಮಡಚಿದ ಹಾಗೆ ನಿಂತಿರುತ್ತೆ. ಸೀಮೆಎಣ್ಣೆ ಬಿಟ್ಟು ಕೈಯಲ್ಲಿ ಆಡಿಸಿ ಸಡಿಲವಾಗದಿದ್ದರೆ ಆ ಚೈನ್ ಮುಗಿದಿದೆ. ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಮಾತ್ರ ಧಡ್ ಅಂದರೆ ಚೈನ್ ಲೂಸಾಗಿರಬಹುದು, ಇಲ್ಲ ಹಿಂದಿನ ಹಬ್ (ಚಕ್ರದ ನಡುಭಾಗ) ಒಳಗಿನ ರಬ್ಬರ್ ಹೋಗಿರಬಹುದು. ಎರಡನೆಯದಕ್ಕೆ ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ.

ಲೂಸ್ ನೋಡೋದು ಕೆಳಗಿನ ಸಾಲಿನ ನಟ್ಟನಡುವೆ, ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಹೆಚ್ಚಿನ ಸಣ್ಣ ಗಾಡಿಗಳಿಗೆ ಒಟ್ಟು 20ರಿಂದ 30 ಮಿ.ಮೀ. ಆಟ ಇರಬೇಕು, ನಿಮ್ಮ ಗಾಡಿಯ ಅಳತೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲಿ ಅಥವಾ ಪುಸ್ತಕದಲ್ಲಿರುತ್ತೆ. ಚಕ್ರವನ್ನು ನಾಲ್ಕು ಕಡೆ ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲೇ ಅಳೆಯಿರಿ. ಲೂಸಿಗಿಂತ ಟೈಟ್ ಹೆಚ್ಚು ಹಾಳು: ಹಿಂದೆ ಒಬ್ಬರು ಕೂತು ಹಳ್ಳ ಹತ್ತಿಸಿದರೆ ಚೈನ್ ಇನ್ನೂ ಬಿಗಿಯಾಗಿ ಗೇರ್ ಬಾಕ್ಸಿನ ಬೇರಿಂಗನ್ನೇ ಎಳೆಯುತ್ತೆ. ಲೂಸಿನ ತೊಂದರೆ ಗೊತ್ತಾಗೋದು ನಂದಿ ಬೆಟ್ಟ ಇಳಿಯುವಾಗ. ಎಂಜಿನ್ ಬ್ರೇಕಿನಲ್ಲಿ ಕೆಳಗಿನ ಸಾಲು ಬಿಗಿದು ಮೇಲಿನ ಸಾಲು ಜೋತು ಕವರಿಗೆ, ಸ್ವಿಂಗ್ ಆರ್ಮಿಗೆ ಬಡಿಯುತ್ತೆ. ಸರಿಮಾಡುವಾಗ ಆಕ್ಸಲ್ ನಟ್ ಸಡಿಲಿಸಿ, ಕೆಲವು ಗಾಡಿಗಳಲ್ಲಿ ಸ್ಪ್ರಾಕೆಟ್ ಕಡೆಯ ಸ್ಲೀವ್ ನಟ್ಟನ್ನೂ ಸಡಿಲಿಸಿ, ಎರಡೂ ಅಡ್ಜಸ್ಟರನ್ನು ಕಾಲು ಕಾಲು ಸುತ್ತು ಸಮನಾಗಿ ತಿರುಗಿಸಿ ಗುರುತು ಒಂದೇ ಗೆರೆಗೆ ತನ್ನಿ. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಎರಡು ಮೂರು ಮಿ.ಮೀ. ಬದಲಾಗಿರುತ್ತೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದಕ್ಕೆ ಸರಿದ ಕಾರಣ ಬ್ರೇಕ್ ರಾಡೂ ಬಿಗಿಯಾಗಿರುತ್ತೆ, ಪೆಡಲ್ ಆಟ ಸರಿಮಾಡದಿದ್ದರೆ ಲೈನರ್ ಉಜ್ಜುತ್ತಲೇ ಇರುತ್ತೆ.

ಬದಲಿಸಬೇಕಾ ಅಂತ ನೋಡೋಕೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ, ಚೈನ್ ಪೂರ್ತಿ ಸುತ್ತಿಕೊಂಡಿರುವ ಜಾಗದ ಮಧ್ಯದಲ್ಲಿ, ಒಂದು ಕೊಂಡಿ ಹಿಡಿದು ನೇರ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಕಾಲ ಮುಗಿದಿದೆ. ಖಚಿತವಾಗಿ ಬೇಕಾದರೆ ಪ್ಲೇಟಿನ ಮೇಲೆ 428 ಅಂತ ಒತ್ತಿರುವ ಚೈನಿನಲ್ಲಿ 21 ಪಿನ್ ಎಣಿಸಿ, ಚೈನ್ ಎಳೆದು ಹಿಡಿದು ಮೊದಲ ಪಿನ್ನಿನ ಮಧ್ಯದಿಂದ ಕೊನೆಯ ಪಿನ್ನಿನ ಮಧ್ಯಕ್ಕೆ ಟೇಪ್ ಹಿಡಿಯಿರಿ. ಹೊಸದರಲ್ಲಿ 254 ಮಿ.ಮೀ. ಇರುತ್ತೆ, 259ರ ಹತ್ತಿರ ಬಂದರೆ ಬದಲಿಸಿ. ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಬದಲಿಸೋದಾದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಸೇರಿದ ಕಿಟ್ಟನ್ನೇ ಹಾಕಿಸಿ, ಸವೆದ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರೋದಿಲ್ಲ, ಅದೂ ಬೇಗ ಸವೆಯುತ್ತೆ. ಲಾಕ್ ಇರುವ ಚೈನಾದರೆ ಗಾಡಿ ತೆಗೆದುಕೊಳ್ಳುವ ಮೊದಲು ಕ್ಲಿಪ್ ನೋಡಿ. ಅದು ಮೀನಿನ ಆಕಾರದಲ್ಲಿರುತ್ತೆ. ಚೈನ್ ಓಡುವ ದಿಕ್ಕಿಗೆ ಮೀನಿನ ತಲೆ ಇರಬೇಕು, ಸೀಳಿರುವ ಬಾಲ ಹಿಂದೆ. ಮೇಲಿನ ಸಾಲಿನಲ್ಲಿ ನೋಡುವಾಗ ತಲೆ ಮುಂದಿನ ಚಕ್ರದ ಕಡೆಗಿದ್ದರೆ ಸರಿಯಾಗಿ ಕೂತಿದೆ.